ಎಂಟೂ ಹತ್ತರ ಭೂಕಂಪ

ನಮ್ಮ ಶಾಲೆಯಲ್ಲಿ ಕಸ ಗುಡಿಸಿ ಗಂಟೆ ಹೊಡೆಯುವ ಹೆಂಗಸನ್ನು ಹೆಡ್‌ಮಾಸ್ಟರರಿಂದ ಹಿಡಿದು ಒಂದನೇ ಕ್ಲಾಸಿನ ಮಕ್ಕಳವರೆಗೆ ಎಲ್ಲರೂ ಅಕ್ಕ ಎಂದೇ ಕರೆಯುವುದು. ಓದಿದ್ದು ನಾಲ್ಕನೇ ಕ್ಲಾಸು. ಧೂಳು ಕಂಡರೆ ಮೈಮೇಲೆ ಬಂದವಳ ಹಾಗೆ ಆಡುತ್ತಾಳೆ. ವಿಜ್ಞಾನದ ಮೇಷ್ಟ್ರಾದ ನನಗೂ ಸೀಮೆಸುಣ್ಣದ ಪುಡಿಯ ದೆಸೆಯಿಂದ ಅವಳ ಕೈಲಿ ಬೈಸಿಕೊಂಡು ಅಭ್ಯಾಸ.

ಹೋದ ವರ್ಷ ನಮ್ಮ ಸ್ಟೋರ್ ರೂಮಿನಲ್ಲಿ ಭೂಕಂಪ ಅಳೆಯುವ ಪೆಟ್ಟಿಗೆಯೊಂದನ್ನು ಇಟ್ಟರು. ಇಡೀ ಖಂಡದ ಒಡಲಲ್ಲಿ ಏನಿದೆಯೆಂದು ತಿಳಿಯಲು ವಿಜ್ಞಾನಿಗಳು ನೂರಾರು ಶಾಲೆಗಳಿಗೆ ಇಂಥವನ್ನು ಕೊಟ್ಟಿದ್ದರು. ನೆಲ ಕದಲಿದರೆ ನನ್ನ ಕ್ಲಾಸಿನ ಪರದೆಯ ಮೇಲೆ ಗೆರೆ ಕುಣಿಯುತ್ತದೆ. ಮೊದಲು ಸಣ್ಣ ಅಲೆ, ಆಮೇಲೆ ದೊಡ್ಡ ಅಲೆ, ನಡುವಿನ ಹೊತ್ತು ಅಳೆದರೆ ಭೂಕಂಪ ಎಷ್ಟು ದೂರವೆಂದು ತಿಳಿಯುತ್ತದೆ ಎಂದು ನಾನು ಪಾಠ ಮಾಡುವಾಗ ಅಕ್ಕ ಪೊರಕೆ ಹಿಡಿದು ಬಾಗಿಲಲ್ಲೇ ಇರುತ್ತಿದ್ದಳು. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುವ ನೆಪ.

ಆದರೆ ದಿನಾ ಬೆಳಿಗ್ಗೆ ಎಂಟೂ ಹತ್ತಕ್ಕೆ ನಮ್ಮ ಶಾಲೆಗೆ ಮಾತ್ರ ಒಂದು ಭೂಕಂಪ! ನಾನು ನೀರಿನ ಪಂಪನ್ನು ಶಪಿಸಿದೆ, ಹೆಡ್‌ಮಾಸ್ಟರರ ಹಳೇ ಸ್ಕೂಟರನ್ನು ಅನುಮಾನಿಸಿದೆ. ಕೊನೆಗೆ ಸಂಶೋಧನಾ ಕೇಂದ್ರದ ಮೇಡಂ ಬಂದೇಬಿಟ್ಟರು.

“ಇಲ್ಲಿ ಗಲಾಟೆ ಜಾಸ್ತಿ. ಪೆಟ್ಟಿಗೆ ಬೇರೆ ಶಾಲೆಗೆ ಹಾಕ್ತೀವಿ.”

ಅಕ್ಕನ ಮುಖ ನೋಡಿ ನನಗೆ ಸಂಕಟವಾಯಿತು. ನಾಲ್ಕಕ್ಕೆ ನಿಂತುಹೋದ ಅವಳ ಓದು ಆ ಗೆರೆಯಿಂದಲೇ ಮತ್ತೆ ಶುರುವಾಗಿತ್ತು.

“ಆ ಗಲಾಟೆ ಎಷ್ಟು ಗಂಟೆಗೆ ಬರುತ್ತೆ ಮೇಡಂ?” ಎಂದು ಕೇಳಿದಳು.

“ಎಂಟೂ ಹತ್ತಕ್ಕೆ.”

“ಭಾನುವಾರಾನೂ ಬರುತ್ತಾ?”

“ಇಲ್ಲ, ಭಾನುವಾರ ಬರಲ್ಲ.”

ಅಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿದಳು. “ಹಾಗಾದ್ರೆ ಅದು ನಾನೇ. ಬಂದ ತಕ್ಷಣ ಆ ಪೆಟ್ಟಿಗೇನ ತಿಕ್ಕಿ ತಿಕ್ಕಿ ಒರೆಸ್ತೀನಿ. ಧೂಳು ಕೂತ್ರೆ ಅದಕ್ಕೆ ಸರಿಯಾಗಿ ಕೇಳ್ಸಲ್ವೇನೋ ಅಂತ... ಬೈಯೋದಿದ್ರೆ ನನ್ನ ಬೈಯಿರಿ, ಪೆಟ್ಟಿಗೆ ಒಯ್ಯಬೇಡಿ.”

ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೆರೆ ಸರಿಹೋಗುತ್ತದೋ ನೋಡೋಣವೆಂದು ಒಂದು ವಾರ ಗಡುವು ಕೊಟ್ಟರು.

ಆ ವಾರ ಅಕ್ಕ ಪಟ್ಟ ಪಾಡು ಯಾರಿಗೂ ಬೇಡ. ಸ್ಟೋರ್ ರೂಮಿನ ಬೀಗದ ಕೈ ನನಗೆ ಒಪ್ಪಿಸಿ, “ನಾನೇ ಕೇಳಿದ್ರೂ ಕೊಡಬೇಡಿ ಮೇಷ್ಟ್ರೇ” ಎಂದಳು. ಎರಡು ಸಲ ಕೇಳಿದಳು, ನಾನು ಕೊಡಲಿಲ್ಲ.

ಏಳನೇ ದಿನ ಮೇಡಂ ಖಾಲಿ ರಟ್ಟಿನ ಡಬ್ಬದ ಸಮೇತ ಬಂದು ಕ್ಲಾಸಿನಲ್ಲಿ ಕೂತರು. ಪಾಠದ ನಡುವೆ ಗೆರೆ ಇದ್ದಕ್ಕಿದ್ದಂತೆ ಜೋರಾಗಿ ಕುಣಿಯಿತು. ಅದಕ್ಕೂ ಮುಂಚೆ ಬಂದ ಸಣ್ಣ ನಡುಕ ನಮ್ಮ ಗಮನಕ್ಕೇ ಬಂದಿರಲಿಲ್ಲ. ಬಾಗಿಲಲ್ಲಿದ್ದ ಅಕ್ಕ ಮಾತ್ರ ಆಗಲೇ ಗಡಿಯಾರ ನೋಡಿಕೊಂಡಿದ್ದಳು. ನಾನು ಸೀಮೆಸುಣ್ಣ ಅವಳ ಕೈಗಿತ್ತು ಬೆಂಚಿನ ಮೇಲೆ ಕೂತೆ. ಮೇಡಂ ಡಬ್ಬ ಮಡಚಿ ಪಕ್ಕಕ್ಕಿಟ್ಟರು. ಅಕ್ಕ ಬೋರ್ಡಿನ ಮುಂದೆ ನಿಂತಳು.

“ಮೊದಲನೇ ಅಲೆಗೂ ಎರಡನೇದಕ್ಕೂ ಎಂಟು ನಿಮಿಷ ಅಂತರ, ಮಕ್ಕಳೇ. ಅಂದ್ರೆ ಆರು ಸಾವಿರ ಕಿಲೋಮೀಟರ್ ಆಚೆ ಎಲ್ಲೋ ನೆಲ ನಡುಗಿದೆ. ಪಾಪ, ಅಲ್ಲಿನ ಜನ ಚೆನ್ನಾಗಿರ್ಲಿ.” ಆಮೇಲೆ ಮೇಡಂ ಕಡೆ ತಿರುಗಿದಳು. “ಈ ಸಲ ಮಾತ್ರ ನಾನಲ್ಲ!”