ತೊಟ್ಟಿಯೊಳಗಿನ ಅಡಿಕೆ ಹಾಳೆ

ಇವತ್ತು ಮದುವೆ ಊಟಕ್ಕೆ ಕೂತಾಗ, ಬಿಸಿ ಸಾರು ಬಿದ್ದ ಅಡಿಕೆ ಹಾಳೆ ತಟ್ಟೆಯ ವಾಸನೆ ಬಂತು. ಹೊನ್ನಾಳಿಯ ಮನೆಯಲ್ಲಿದ್ದ ಗಾಜಿನ ತೊಟ್ಟಿ ನೆನಪಾಯಿತು.

ಅದರಲ್ಲಿದ್ದದ್ದು ನನ್ನ ನೀಲಿ ಫೈಟರ್ ಮೀನು. ಹಿಂಬದಿಯ ಗಾಜಿನಲ್ಲಿ ತನ್ನದೇ ಬಿಂಬ ಕಂಡು, ಬೇರೆ ಮೀನೆಂದು ದಿನವಿಡೀ ಜಗಳಕ್ಕೆ ಹೋಗುತ್ತಿತ್ತು. ತಿನ್ನುವುದನ್ನೂ ಬಿಟ್ಟು ಸೊರಗಿತು. ಅಪ್ಪ ಹೊರಗಿನಿಂದ ಕಪ್ಪು ಕಾಗದ ಅಂಟಿಸಿದರೆ ಗಾಜು ಪೂರಾ ಕನ್ನಡಿಯೇ ಆಯಿತು. ನಾನು ಅಳುತ್ತಾ ಕೂತೆ.

ಅಪ್ಪ ಹಾಳೆ ತಟ್ಟೆ ಒತ್ತುವ ಕೆಲಸದವರು. ಬೀಸಣಿಗೆಯಿಂದ ಹಿಡಿದು ನನ್ನ ಪುಸ್ತಕದ ರಟ್ಟಿನವರೆಗೆ ಅವರಿಗೆ ಎಲ್ಲಕ್ಕೂ ಹಾಳೆಯೇ. ಒಂದು ಹಾಳೆಯನ್ನು ನೆನೆಸಿ, ಅಳತೆಗೆ ಕತ್ತರಿಸಿ, ತೊಟ್ಟಿಯೊಳಗೆ ಹಿಂದಿನ ಗಾಜಿಗೆ ಒರಗಿಸಿ ಕಲ್ಲು ಇಟ್ಟರು. ಬೆಳಗಾಗುವಷ್ಟರಲ್ಲಿ ಹಾಳೆ ಬಣ್ಣ ಬಿಟ್ಟು ನೀರೆಲ್ಲ ಕೆಂಪು.

"ಏನ್ರೀ ಇದು, ಮೀನಿಗೆ ಕಷಾಯ ಮಾಡೀರೇನು?" ಎಂದರು ಅಮ್ಮ.

"ಸತ್ತೋಯ್ತೇನಪ್ಪಾ?" ಎಂದೆ.

"ಇಲ್ಲ ಪುಟ್ಟಿ, ತಡಿ, ನೀರು ಬದಲಾಯಿಸಾಕೆ ಬಿಂದಿಗೆ ತಾ" ಎಂದು ಅಪ್ಪ ತೊಟ್ಟಿಗೆ ಕೈಹಾಕಿದರು. ಅಷ್ಟರಲ್ಲಿ ಮೀನು ಹಾಳೆಯ ಗೆರೆಗಳನ್ನು ಮೂಸುತ್ತಾ ನಿಧಾನವಾಗಿ ಮೇಲೆ ಬಂದು, ತೇಲುತ್ತಿದ್ದ ಕಾಳನ್ನು ಗಬಕ್ಕನೆ ನುಂಗಿತು.

"ನೀರು ಚೆಲ್ಲಬ್ಯಾಡ್ರೀ," ಅಮ್ಮ ನಕ್ಕರು, "ಅದಕ್ಕೆ ಕಷಾಯನೇ ರುಚಿ ಹತ್ತೈತೆ."

ಯಾಕೆ ಒಬ್ಬಳೇ ನಗ್ತೀಯ ಎಂದು ಇವತ್ತು ಮದುವೆ ಪಂಕ್ತಿಯಲ್ಲಿ ಪಕ್ಕದವರು ಕೇಳಿದರು. ಹೇಳಲು ನಾಚಿಕೆಯಾಯಿತು, ಇಲ್ಲಿ ಬರೆದೆ.