ಶರಣಮ್ಮ ನನ್ನ ಕೈಗೆ ಕೊಟ್ಟ ನೀರು

ಹೋದ ಭಾನುವಾರ ಒಂದು ಲೋಟ ನೀರು ಕುಡಿಯಲಿಕ್ಕೆಂದೇ ಕೊಪ್ಪಳದಿಂದ ಕುಷ್ಟಗಿ ಕಡೆಗೆ ಹೋಗಿದ್ದೆ. ತಮಾಷೆಯಲ್ಲ, ನನ್ನನ್ನು ಕರೆದದ್ದೇ ಅದಕ್ಕೆ. ಊಟಕ್ಕೆ ಕರೆಯುತ್ತಾರೆ, ಚಹಾಕ್ಕೆ ಕರೆಯುತ್ತಾರೆ. ಬರೀ ನೀರಿಗೆ ಯಾರಾದರೂ ನಿಮ್ಮನ್ನು ಕರೆದದ್ದುಂಟೇ?

ಕರೆದವರು ಶರಣಮ್ಮ. ಕುಷ್ಟಗಿ, ಯಲಬುರ್ಗಾ ನಡುವಿನ ಒಂದು ಹಳ್ಳಿಯವರು. (ಊರಿನ ಹೆಸರು ಬರೆಯುವುದಿಲ್ಲ. ಆ ಊರಿಗೆ ನಾನು ಈವರೆಗೆ ಮಾಡಿರುವ ಉಪಕಾರವೇ ಸಾಕು.) ವಯಸ್ಸು ಐವತ್ತೂ ಆಗಿಲ್ಲ, ಮೊಣಕಾಲು ಮಡಚಲಿಕ್ಕೆ ಬರುವುದಿಲ್ಲ. ಆ ಭಾಗದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಎಲುಬು ಬಿರುಸಾಗುತ್ತದೆ.

ನನ್ನ ಹೊಸ ಡಾಕ್ಯುಮೆಂಟರಿ ಇದರ ಬಗ್ಗೆಯೇ. ಇದರ ಬಗ್ಗೆ ಅಂದರೆ ಲ್ಯಾಬ್ ರಿಪೋರ್ಟಿನ ಬಗ್ಗೆ ಅಲ್ಲ, ಆ ನೀರು ಕುಡಿದು ಬದುಕುವ ಮನುಷ್ಯರ ಬಗ್ಗೆ. ಹೋದಲ್ಲೆಲ್ಲ ನಾನು ಹೀಗೇ ಹೇಳಿಕೊಂಡು ತಿರುಗುತ್ತೇನೆ.

ಈ ಬೇಸಿಗೆಯಲ್ಲಿ ಅವರ ಮನೆಯಲ್ಲಿ ಶೂಟಿಂಗ್ ಇತ್ತು. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಹೊಸ್ತಿಲು ದಾಟಿದವರಿಗೆ ಮೊದಲು ನೀರು, ಆಮೇಲೆ ಮಾತು. ಶರಣಮ್ಮ ತಂಬಿಗೆ, ಲೋಟ, ತಟ್ಟೆಯಲ್ಲಿ ಬೆಲ್ಲದ ಚೂರು ತಂದರು. ನಮ್ಮ ಕ್ಯಾಮೆರಾಮನ್ ರಫೀಕ್ ಯಲಬುರ್ಗಾದವನು. ಓಡುತ್ತಿದ್ದ ಕ್ಯಾಮೆರಾವನ್ನು ಹಾಗೇ ಅಂಗಳದ ಕಡೆ ತಿರುಗಿಸಿ ಇಟ್ಟು, ಗಟಗಟ ಕುಡಿದು, ಇನ್ನೊಂದು ಲೋಟ ಕೇಳಿದ.

ನಾನು? ಬೆಲ್ಲ ಬಾಯಿಗೆ ಹಾಕಿಕೊಂಡೆ. ಫೋನ್ ಬಂದವಳ ಹಾಗೆ ಲೋಟ ಹಿಡಿದುಕೊಂಡೇ ಅಂಗಳಕ್ಕೆ ಹೋದೆ. ನೀರನ್ನು ದಾಸವಾಳದ ಗಿಡದ ಬುಡಕ್ಕೆ ಸುರಿದೆ. ಬ್ಯಾಗಿನಲ್ಲಿದ್ದ ಬಾಟಲಿಯಿಂದ ಎರಡು ಗುಟುಕು ಕುಡಿದು ಒಳಗೆ ಬಂದೆ.

"ಇನ್ನಷ್ಟು ಹಾಕ್ಲೇನ್ರಿ?" ಶರಣಮ್ಮ ಕೇಳಿದರು.

"ಸಾಕ್ರಿ, ಹೊಟ್ಟಿ ತಣ್ಣಗಾತು" ಅಂದೆ.

ಒಂದು ಲೋಟದಿಂದ ಏನೂ ಆಗುವುದಿಲ್ಲ. ನನಗೆ ಗೊತ್ತಿರಲಿಲ್ಲವೇ? ಚಿತ್ರದಲ್ಲಿ ನನ್ನದೇ ದನಿಯಲ್ಲಿ ಆ ಮಾತು ಇದೆ. ಆದರೂ ಗಂಟಲಿಗೆ ಇಳಿಸಲಾಗಲಿಲ್ಲ. ಅದು ಹೆದರಿಕೆಯೋ ಹೇಸಿಗೆಯೋ, ಖರೇ ಹೇಳುತ್ತೇನೆ, ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಟ್ರೇಲರ್ ಬಿಟ್ಟೆ. ಟ್ರೇಲರಿನಲ್ಲಿ ಮೆಲ್ಲಗೆ ಮಾತಾಡಿದರೆ ಯಾರು ನೋಡುತ್ತಾರೆ? ಶರಣಮ್ಮನ ಮೊಣಕಾಲಿನ ಕ್ಲೋಸಪ್, ತಂಬಿಗೆ, ಅಂಗಳ. ಮೇಲೆ ದಪ್ಪ ಕೆಂಪು ಅಕ್ಷರದಲ್ಲಿ 'ಈ ಮನೆಯಲ್ಲಿ ನೀರು ಕುಡಿಯಬೇಡಿ'. ಸಾಲು ನನ್ನದೇ. ಹೊಳೆದ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ವಾಟ್ಸಾಪಿನಲ್ಲಿ ಓಡಿತು. ಓಡಿ ಓಡಿ ಗಂಗಾವತಿ ಹತ್ತಿರದ ಒಂದು ಮನೆಗೂ ಹೋಯಿತು. ಶರಣಮ್ಮನ ಮಗಳು ರೇಣುಕಾಳನ್ನು ನೋಡಲು ಬರಬೇಕಿದ್ದವರ ಮನೆ ಅದು. ಹುಡುಗ, ಹುಡುಗಿ ಗದಗಿನಲ್ಲಿ ಒಟ್ಟಿಗೆ ಓದಿದವರು, ಒಬ್ಬರಿಗೊಬ್ಬರು ಒಪ್ಪಿದವರು. ಹಿರಿಯರು ನೋಡಿ ಹೂಂ ಅನ್ನುವುದೊಂದೇ ಬಾಕಿ ಇತ್ತು. ಹುಡುಗನ ಸೋದರಮಾವ ಟ್ರೇಲರ್ ನೋಡಿ, "ಆ ನೀರು ಕುಡದು ಬೆಳದ ಹುಡುಗಿ, ನಾಳೆ ಕಾಲು ಹಿಡ್ಕೊಂಡು ಕುಂತ್ರ ಹೆಂಗ?" ಅಂದನಂತೆ. ಮಾತು ಅಲ್ಲಿಗೇ ನಿಂತಿತು.

ಟ್ರೇಲರ್ ಡಿಲೀಟ್ ಮಾಡಿದೆ. ಅಷ್ಟರಲ್ಲಿ ಅದು ಯಾರ್ಯಾರ ಫೋನಿನಲ್ಲಿತ್ತೋ.

ಕೊನೆಗೆ ಶರಣಮ್ಮನೇ ಫೋನ್ ಮಾಡಿದರು. ಬೈಯಲಿಲ್ಲ. (ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.)

"ಅಕ್ಕಾರ, ಹೆಂಗೋ ಹೇಳಿ ಕೇಳಿ ಒಪ್ಪಿಸೀವಿ. ಭಾನುವಾರ ಕನ್ಯಾ ನೋಡಾಕ ಬರ್ತಾರ. ನೀವೂ ಬರ್ರಿ. ಕುಡೀಬ್ಯಾಡ್ರಿ ಅಂತ ಬರದವರಽ ಅವರ ಮುಂದ ಕುಡದ್ರ, ಅವರ ಹೆದರಿಕಿ ಹೋಗ್ತೈತಿ."

ಹೋದೆ. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಒಳಗಿನಿಂದ ಮಂಡಾಳ ಒಗ್ಗರಣೆ, ಮಿರ್ಚಿಯ ವಾಸನೆ ಬರುತ್ತಿತ್ತು. ಹುಡುಗ, ಅವನ ತಾಯಿ, ಸೋದರಮಾವ ಗೋಡೆಗೆ ಒರಗಿ ಕೂತಿದ್ದರು. ಶರಣಮ್ಮ ಕೂರಲಿಲ್ಲ. ಕೂರಲು ಹೋದರೆ ಕಾಲು ಕಾಣುತ್ತದೆ. ಅಡುಗೆಮನೆಯ ಬಾಗಿಲಿಗೆ ಆತು ನಿಂತೇ ಇದ್ದರು. ಆ ಕಾಲನ್ನು ನಾನು ಊರಿಗೆಲ್ಲ ತೋರಿಸಿದ್ದೆನಲ್ಲ.

ರೇಣುಕಾ ಎಲ್ಲರಿಗೂ ನೀರು ತಂದಳು. ನನ್ನ ಲೋಟ ಮಾತ್ರ ಶರಣಮ್ಮ ತಾವೇ ತಂದು ಕೈಗೆ ಕೊಟ್ಟರು. ಮರ್ಯಾದೆ ಇರಬೇಕು ಅಂದುಕೊಂಡೆ.

ಎಲ್ಲರ ಕಣ್ಣೂ ನನ್ನ ಮೇಲೆ. ಹುಡುಗನ ತಾಯಿಯಂತೂ ನನ್ನ ಗಂಟಲನ್ನೇ ನೋಡುತ್ತಿದ್ದರು. ಲೋಟ ಎತ್ತಿ ಒಂದೇ ಉಸಿರಿಗೆ ಕುಡಿದೆ. ಕುಡಿದು ಒಂದು ಸಣ್ಣ ಭಾಷಣವನ್ನೂ ಮಾಡಿದೆ. ಆ ಸಾಲು ಬರೆದದ್ದು ನನ್ನ ತಪ್ಪು, ನೆಂಟರಾಗಿ ಬಂದು ಒಂದು ಲೋಟ ಕುಡಿದರೆ ಯಾರಿಗೂ ಏನೂ ಆಗುವುದಿಲ್ಲ, ರೇಣುಕಾ ಹಾಸ್ಟೆಲಿನಲ್ಲಿ ಬೆಳೆದವಳು, ಡಾಕ್ಟರಿಗೆ ತೋರಿಸಿದ್ದಾರೆ, ಕಾಲು ಗಟ್ಟಿ ಇವೆ, ಇತ್ಯಾದಿ.

ಹುಡುಗನ ತಾಯಿ ತಾವೂ ಕುಡಿದರು. "ಚೂರು ಸವಳು ಅದಾವ. ಇರ್ಲಿ ಬಿಡ್ರಿ, ನಮ್ಮಲ್ಲಿ ಕಾಲುವಿ ನೀರು ಕೆಸರು ನಾರ್ತಾವ. ಯಾ ಊರಿನ ನೀರು ನೆಟ್ಟಗದಾವ ಈಗ?" ಅಂದರು. ಸವಳೇ? ನನ್ನ ನಾಲಗೆಗೆ ಉಪ್ಪುಪ್ಪು ಅನಿಸಿರಲಿಲ್ಲ. ಮಾವನೂ ಲೋಟ ಖಾಲಿ ಮಾಡಿದ. ಮಿರ್ಚಿ ಬಂತು, ಮಾತು ಬಂತು. ಏಳುವಾಗ ಅವನೇ, "ಮುಂದಿನ ವಾರ ನೀವು ನಮ್ಮ ಮನಿ ನೋಡಾಕ ಬರ್ರಿ" ಅಂದ. ರೇಣುಕಾ ಒಳಗೆ ಓಡಿದಳು.

ಅವರನ್ನು ಕಳಿಸಿ ನಾನು ಅಡುಗೆಮನೆಗೆ ಹೋದೆ. ಗೆದ್ದವಳ ಠೀವಿಯಲ್ಲೇ ಹೋದೆ, ಸುಳ್ಳು ಯಾಕೆ ಹೇಳಲಿ.

"ನಿಮ್ಮ ನೀರು ಅಷ್ಟೇನೂ ಸವಳಿಲ್ಲ ಬಿಡ್ರಿ, ಶರಣಮ್ಮ. ಛಲೋ ಅದಾವ."

ಅವರು ಲೋಟ ತೊಳೆಯುವುದನ್ನು ನಿಲ್ಲಿಸಿದರು. ಮೂಲೆಯಲ್ಲಿ ಒಂದು ನೀಲಿ ಕ್ಯಾನ್ ಇತ್ತು.

"ನಿಮಗ ಕೊಟ್ಟದ್ದು ಆ ಕ್ಯಾನಿಂದ್ರಿ. ಕುಷ್ಟಗಿಯಿಂದ ತರಿಸೀನಿ. ನಿಮಗೊಬ್ಬರಿಗಽ."

"ಮತ್ತ ಅವರಿಗೆ?"

"ನಮ್ಮ ಬೋರಿಂದು. ನಾಳೆ ಬೀಗರಾಗೋರು, ಬಂದಾಗೊಮ್ಮೆ ಇದನ್ನಽ ಕುಡೀಬೇಕು. ಅವರ ಲೋಟದಾಗ ಹೆಂಗ ಸುಳ್ಳು ಹಾಕಿ ಕೊಡ್ಲಿ?"

ಸುಳ್ಳು ಇದ್ದದ್ದು ಒಂದೇ. ಅದನ್ನು ನನ್ನ ಲೋಟಕ್ಕೆ ಹಾಕಿದ್ದರು.

"ನಾನು ಕುಡಿಯಾಕಂತಽ ಬಂದಿದ್ದೆನಲ್ರಿ" ಅಂದೆ.

ಶರಣಮ್ಮ ನನ್ನ ಮುಖ ನೋಡಲಿಲ್ಲ. "ನಿಮ್ಮ ಟ್ರೇಲರಿನಾಗ ಅಂಗಳ ಕಾಣತೈತಲ್ರಿ, ಮೂಲ್ಯಾಗ ದಾಸವಾಳದ ಗಿಡ ಐತಿ. ಅಲ್ಲಿ ನಿಂತು ನೀರು ಸುರೀತಿದ್ರಿ. ರೇಣುಕಾ ತೋರಿಸಿದ್ಲು. ಅವತ್ತು ಸುರುವಿದ್ರಿ, ಹೋಗ್ಲಿ. ಇವತ್ತು ಮಗಳ ಬಾಳೇವು, ಅಕ್ಕಾರ. ಅವರ ಮುಂದ ನೀವು ಮತ್ತ ಅಂಗಳಕ್ಕ ಎದ್ದು ಹೋಗಿದ್ರ, ನಾ ಏನು ಮಾಡ್ಲಿ?"

ಮನೆಗೆ ಬಂದು, ನನ್ನ ಕಂಪ್ಯೂಟರಿನಲ್ಲಿ ಉಳಿದಿದ್ದ ಟ್ರೇಲರ್ ಹಾಕಿ ನೋಡಿದೆ. ಹೌದು, ಎಡಗಡೆ ಮೂಲೆಯಲ್ಲಿ ನಾನೇ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬಗ್ಗಿಸಿದ ಲೋಟ. ಎಡಿಟಿಂಗಿನಲ್ಲಿ ಎಷ್ಟು ಸಲ ಈ ಶಾಟ್ ನೋಡಿದ್ದೆ! ನನ್ನ ಗಮನವೆಲ್ಲ ಅಕ್ಷರ ಎಷ್ಟು ಕೆಂಪಿರಬೇಕು ಎಂಬುದರ ಮೇಲಿತ್ತು. ರಫೀಕ್‌ಗೆ ಹೇಳಿದೆ. ಅವನು, "ನಾ ಅವತ್ತಽ ನೋಡಿದ್ದೆ ಮೇಡಂ, ಹೆಂಗ ಹೇಳೂದಂತ ಸುಮ್ನಿದ್ದೆ" ಅಂದ.

ನನಗೆ ನಾಚಿಕೆಯಾಗಿದೆ. ನೀರು ಚೆಲ್ಲಿದ್ದಕ್ಕಿಂತ, ಆ ತಾಯಿ ನನ್ನನ್ನು ಅಷ್ಟು ಸರಿಯಾಗಿ ಅಳೆದು, ನನಗೆಂದೇ ದುಡ್ಡು ಕೊಟ್ಟು ಬೇರೆ ನೀರು ತರಿಸಿಟ್ಟದ್ದಕ್ಕೆ. ನೀವು ಎಷ್ಟೋ ದಿನಗಳಿಂದ ನನ್ನನ್ನು ಓದುತ್ತಿದ್ದೀರಿ, ದಾರಿಯಲ್ಲಿ ಸಿಕ್ಕರೆ ಮನೆಗೆ ಬನ್ನಿ ಅನ್ನುತ್ತೀರಿ.

ಇನ್ನು ನಾನು ಬಂದರೆ, ಯಾವ ನೀರು ಕೊಡುತ್ತೀರಿ?