ಊರಿಗೆಲ್ಲ ನಾವೇ ಹಂಚಿದ ಗಾಳಣಿ

ಪಕ್ಷದ ಮಹಿಳಾ ಘಟಕ ಎಂದರೆ ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಕನ್ನಡದ ಊರಲ್ಲಿ ಬಹಳ ಕಾಲ ಜಮಖಾನೆ ಹಾಸುವ ಘಟಕ ಎಂದೇ ಅರ್ಥವಿತ್ತು. ಸಭೆಗೆ ಮುಂಚೆ ಹಾಸುವುದು, ಸಭೆ ಮುಗಿದ ಮೇಲೆ ಝಾಡಿಸಿ ಮಡಚುವುದು, ನಡುವೆ ಆರತಿ ತಟ್ಟೆ ಹಿಡಿದು ಸಾಹೇಬರ ಗಾಡಿಯ ದಾರಿ ಕಾಯುವುದು. ನಾನು ದೇಶಸೇವೆಗೆಂದು ಅದಕ್ಕೆ ಸೇರಿದೆ ಎಂದು ಬರೆದರೆ ನನ್ನ ಗಿರಾಕಿಗಳೇ ನಕ್ಕಾರು. ನಿಲಂಗಾದ ತವರಿನಿಂದ ತಂದ ಒಂದು ಗಂಟು ರವಿಕೆ ಬಟ್ಟೆಯಿಂದ ವ್ಯಾಪಾರ ಶುರು ಮಾಡಿ, ಅದನ್ನು ತಲೆಯ ಮೇಲೆ ಹೊತ್ತು ದಾಳಿಂಬ, ತುರೋರಿಯ ಓಣಿಗಳನ್ನೆಲ್ಲ ತಿರುಗಿ, ಕೊನೆಗೆ ಮನೆಯ ಮುಂದಿನ ಕೋಣೆಯಲ್ಲೇ ಸೀರೆ ಅಂಗಡಿ ಇಟ್ಟವಳು ನಾನು. ಸಭೆಯಲ್ಲಿ ಹೆಂಗಸರು ಕೂತರೆ ಯಾರ ಸೀರೆಯ ಅಂಚು ಹರಿದಿದೆ, ಯಾರ ಮನೆಯಲ್ಲಿ ಮದುವೆ ಹತ್ತಿರ ಬಂದಿದೆ ಎಂಬುದು ಭಾಷಣ ಮುಗಿಯುವಷ್ಟರಲ್ಲಿ ಗೊತ್ತಾಗಿಬಿಡುತ್ತದೆ. ವ್ಯಾಪಾರ ಮಾಡುವ ಹೆಣ್ಣುಮಕ್ಕಳಿಗೆ ನನ್ನ ಸಲಹೆ ಇದು: ಯಾವುದಾದರೂ ಪಕ್ಷದ ಜಮಖಾನೆಯ ಒಂದು ತುದಿ ಹಿಡಿಯಿರಿ. ಹಿಡಿದ ಮೇಲೆ ಸುಮ್ಮನೆ ಮಾತ್ರ ಇರಬೇಡಿ.

ಇನ್ನೊಂದು ತುದಿ ಹಿಡಿಯುತ್ತಿದ್ದವಳು ನಮ್ಮ ಓಣಿಯ ಕುರಿಯವರ ಮನೆಯ ಸೊಸೆ. ಬೀರಪ್ಪನ ಒಕ್ಕಲು. ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಾಳೆ. ದೂರದ ಹೊಲದಲ್ಲಿ ಮೇಯುವ ಕುರಿ ಕರೆದು ರೂಢಿಯಾದ ಗಂಟಲು ಆಕೆಯದು. ಆಕೆ ಮೆಲ್ಲಗೆ ಹೇಳಿದ ಗುಟ್ಟು ಹೈವೇಯಲ್ಲಿ ಬಸ್ಸಿಗೆ ನಿಂತವರಿಗೂ ಕೇಳಿಸುತ್ತಿತ್ತು. ಆ ಬಸ್ ಸ್ಟ್ಯಾಂಡೇ ಆಕೆಯ ತಲೆನೋವು. ಅಲ್ಲಿ ಚಹಾದಂಗಡಿ ಇದೆ, ಪಂಕ್ಚರಿನವನಿದ್ದಾನೆ, ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. ಗಂಡಸರಿಗೆ ಯಾವ ಗೋಡೆಯಾದರೂ ನಡೆಯುತ್ತದೆ. ಹೆಂಗಸರಿಗೆ ಏನೂ ಇಲ್ಲ. ಆಕೆಯ ಮಗಳು ಉಮರ್ಗಾದ ಕಾಲೇಜಿಗೆ ಹೋಗುತ್ತಾಳೆ, ಬಸ್ಸು ಯಾವಾಗ ಬಂದೀತೆಂದು ಹೇಳುವಂತಿಲ್ಲ, ಹಾಗಾಗಿ ಬೆಳಿಗ್ಗೆ ಎದ್ದಾಗಿನಿಂದ ಮನೆಗೆ ಮರಳುವವರೆಗೆ ಹುಡುಗಿ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಉರಿಮೂತ್ರಕ್ಕೆ ಔಷಧ ಬರೆದುಕೊಟ್ಟ ಡಾಕ್ಟರು ನೀರು ಕುಡಿಯಮ್ಮ ಎಂದರು. ಹೂಂ ಎಂದಳು, ಕುಡಿಯಲಿಲ್ಲ.

ಅದಕ್ಕೇ ತಾಯಿ ಪ್ರತಿ ಸಭೆಯಲ್ಲೂ ಭಾಷಣ ಮುಗಿದೊಡನೆ ಎದ್ದು ನಿಲ್ಲುತ್ತಿದ್ದಳು. “ಸಾಹೇಬ್ರ, ಸ್ಟ್ಯಾಂಡಿನ್ಯಾಗ ಹೆಣ್ಮಕ್ಕಳಿಗಿ ಸಂಡಾಸ ಯಾವಾಗ ಕಟ್ಟಸ್ತೀರಿ?”

ಸಾಹೇಬರು, ಎಂದರೆ ಪಕ್ಷದ ತಾಲೂಕಾ ಅಧ್ಯಕ್ಷರು, ಮರಾಠಿಯಲ್ಲಿ “ನಕ್ಕೀ, ನಕ್ಕೀ” ಎಂದು ಖಾತ್ರಿ ಕೊಟ್ಟು ಗಾಡಿ ಹತ್ತುತ್ತಿದ್ದರು. ಆ ವರ್ಷ ಸರಪಂಚ್ ಸ್ಥಾನ, ಎಂದರೆ ಪಂಚಾಯತಿಯ ಅಧ್ಯಕ್ಷಗಿರಿ, ಹೆಂಗಸರಿಗೆ ಮೀಸಲಾಗಿ ಬಂತು. ಮುಖಂಡರು ಯಾರ ಹೆಂಡತಿಯನ್ನು ನಿಲ್ಲಿಸೋಣ ಎಂದು ಹುಡುಕುತ್ತಿದ್ದಾಗ ಜಮಖಾನೆಯ ಮೇಲೆ ಕೂತವರೆಲ್ಲ ಈಕೆಯತ್ತ ಬೆರಳು ತೋರಿಸಿದೆವು. ಸಾಹೇಬರು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು. ಮೈಕಿನ ಬಾಡಿಗೆ ಉಳಿಯುತ್ತದೆ ಎಂಬುದನ್ನು ಅವರಿಗೆ ನೆನಪಿಸಿದವಳು ನಾನೇ.

ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ನಮ್ಮ ಕಡೆ ಹಳದಿ-ಕುಂಕುವಿನ ಹಂಗಾಮು. ಮುತ್ತೈದೆಯರನ್ನು ಮನೆಗೆ ಕರೆದು ಅರಿಶಿನ-ಕುಂಕುಮ ಹಚ್ಚಿ, ಎಳ್ಳು-ಬೆಲ್ಲದ ಜೊತೆ ಮನೆಬಳಕೆಯ ಒಂದು ಸಣ್ಣ ವಸ್ತು ಕೊಡುತ್ತಾರೆ; ಅದಕ್ಕೆ ವಾಣ ಎನ್ನುತ್ತೇವೆ. ಚುನಾವಣೆ ಇನ್ನೂ ಘೋಷಣೆಯಾಗಿರಲಿಲ್ಲ. ಊರಿಗೆಲ್ಲ ಹಳದಿ-ಕುಂಕು ಮಾಡಿ, ಚುನಾವಣೆಗೆ ನಿಲ್ಲುವ ನಮ್ಮಾಕೆಯ ಕೈಯಿಂದಲೇ ವಾಣ ಕೊಡಿಸಿರಿ ಎಂದು ಸಾಹೇಬರು ತಮ್ಮ ಫೋಟೋ ಇರುವ ಕ್ಯಾಲೆಂಡರಿನ ಕಟ್ಟು ಕಳಿಸಿದರು. ಕಟ್ಟು ಬಿಚ್ಚಿ ನೋಡಿ ನಮ್ಮಾಕೆ ಕೇಳಿದಳು: “ಈ ಮುಖದಿಂದ ಚಾ ಸೋಸ್ಲಿಕ್ಕಿ ಬರ್ತದೇನು?”

ಹೆಂಗಸರು ಬಿದ್ದು ಬಿದ್ದು ನಕ್ಕರು, ವಾಣ ಅಲ್ಲೇ ನಿರ್ಧಾರವಾಯಿತು. ಬಟ್ಟಲು, ತಟ್ಟೆ ಎಲ್ಲರ ಮನೆಯಲ್ಲೂ ಬಿದ್ದಿರುತ್ತವೆ. ಚಹಾ ಸೋಸುವ ಗಾಳಣಿ ಮಾತ್ರ ಸದಾ ಹರಿದೇ ಇರುತ್ತದೆ.

ಖರೀದಿಗೆ ನಾವಿಬ್ಬರೂ ಉದಗೀರಿಗೆ ಹೋದೆವು. ದಾರಿಯಲ್ಲಿ ನಿಲಂಗಾದಲ್ಲಿ ಇಳಿದು ನನ್ನ ತವರಿನಲ್ಲಿ ಉಂಡೆವು, ಏಕೆಂದರೆ ಹಸಿದವರು ಚೌಕಾಶಿ ಮಾಡಬಾರದು; ಅಂಗಡಿಯವನು ಹಸಿದಿರಬೇಕು. ಪಾತ್ರೆ ಅಂಗಡಿ ಹೊಕ್ಕ ಮೇಲೆ ಬೇಕಾದ ವಸ್ತುವಿನ ಕಡೆ ಕಣ್ಣು ಹಾಯಿಸಲೇಬೇಡಿ. ನಾನು ಮೊದಲು ಕೊಡಗಳನ್ನೆಲ್ಲ ಇಳಿಸಿದೆ, ಬೋಗುಣಿಗಳನ್ನು ಬಡಿದು ನೋಡಿದೆ, ಕುಕ್ಕರಿನ ಶಿಟ್ಟಿ ಪರೀಕ್ಷೆ ಮಾಡಿದೆ. ಅವನ ಮನೆಯಿಂದ ಊಟದ ಡಬ್ಬಿ ಬಂದು ಪಕ್ಕದಲ್ಲಿ ಆರುತ್ತ ಕೂತಾಗ, ಹೋಗಲಿ ಬಿಡಿ, ಆ ಗಾಳಣಿಗಾದರೂ ಒಂದು ಮಾತು ಹೇಳಿ ಎಂದೆ. ಅವನು ಹೇಳಿದ ಮಾತಿಗೆ ನಮ್ಮಾಕೆ ಹೌಹಾರಿ “ಅಯ್ಯ” ಎಂದಳು. ಆ ಗಂಟಲಿಗೆ ಎದುರಿನ ಅಂಗಡಿಯವರು ಹೊರಗೆ ಬಂದರು, ಇವನು ಗಾಬರಿಯಾಗಿ ದರ ಇಳಿಸಿದ. ಅಷ್ಟು ಅಗ್ಗಕ್ಕೆ ಸಿಕ್ಕಿದ್ದನ್ನು ಲೆಕ್ಕಕ್ಕೆ ಸರಿಯಾಗಿ ತರುವುದು ಮೂರ್ಖತನ, ಒಂದು ಚೀಲ ಹೆಚ್ಚಿಗೆ ತಂದೆ.

ಹಳದಿ-ಕುಂಕು ಭರ್ಜರಿಯಾಯಿತು. ಎದುರು ಗುಂಪಿನ ಮನೆಗಳ ಹೆಂಗಸರೂ ಬಂದರು. ಹಳದಿ-ಕುಂಕುವಿಗೆ ಕರೆದರೆ ಒಲ್ಲೆ ಎನ್ನುವ ಪದ್ಧತಿ ಇಲ್ಲ. ಊರಿನ ಅಡುಗೆಮನೆಗಳಲ್ಲೆಲ್ಲ ಒಲೆಯ ಮೇಲಿನ ಮೊಳೆಗೆ ನಮ್ಮ ಗಾಳಣಿ ನೇತಾಡಿತು.

ಮುಂದೆ ಚುನಾವಣೆ ಬಂತು. ಗ್ರಾಮ ಪಂಚಾಯತಿಯಲ್ಲಿ ಪಕ್ಷದ ಚಿಹ್ನೆ ನಡೆಯುವುದಿಲ್ಲ; ಬಾಚಣಿಕೆ, ಬಕೆಟ್, ಟೇಬಲ್ ಇಂಥ ಚಿಹ್ನೆಗಳನ್ನು ತಹಶೀಲಿಯಲ್ಲಿ ಹಂಚುತ್ತಾರೆ. ನಾವು ಹೊರಗೆ ಬೇವಿನ ಮರದ ಕೆಳಗೆ ಕಾಯುತ್ತಿದ್ದೆವು. ಮೊದಲು ಎದುರಾಳಿ ಕಡೆಯವರು ಕುಣಿಯುತ್ತ ಹೊರಬಂದರು. ಹಿಂದೆಯೇ ನಮ್ಮಾಕೆ, ಜೀವನದಲ್ಲಿ ಮೊದಲ ಸಲ ದನಿಯೇ ಇಲ್ಲದೆ.

“ಆಕಿಗಿ ಗಾಳಣಿ ಬಂದದ ವೈನಿ,” ಎಂದಳು.

“ನಿನಗ?”

“ಕಪಾಟು.”

ನನಗೆ ನಗು ಬಂತು ನೋಡಿ, ಬೇವಿನ ಮರ ಹಿಡಿದುಕೊಂಡೆ. ಎದುರಾಳಿಯ ಚಿಹ್ನೆಯನ್ನು ಮನೆಮನೆಗೆ ಹೋಗಿ, ಅರಿಶಿನ ಹಚ್ಚಿ, ಎಳ್ಳು-ಬೆಲ್ಲದ ಸಮೇತ ಹಂಚಿದವರು ನಾವು. ಬೆಳಿಗ್ಗೆ ಎದ್ದು ಊರ ಹೆಂಗಸರು ಮೊದಲು ಕೈಗೆತ್ತಿಕೊಳ್ಳುವುದೇ ಅದನ್ನು. ನಮ್ಮ ಕಪಾಟನ್ನು ಕೈಗೆತ್ತಿಕೊಳ್ಳುವುದು ಹೇಗೆ? ಸಾಹೇಬರು ಫೋನಿನಲ್ಲಿ ಬೈದರು, ಕ್ಯಾಲೆಂಡರ್ ಹಂಚಿದ್ದರೆ ಈ ಗತಿ ಬರುತ್ತಿತ್ತೇ ಎಂದು. ಅದು ನಿಜವೇ ಆದ್ದರಿಂದ ಫೋನು ಇಟ್ಟುಬಿಟ್ಟೆ.

ಪ್ರಚಾರಕ್ಕೆ ನನ್ನ ಅಂಗಡಿಯ ಕಬ್ಬಿಣದ ಕಪಾಟನ್ನೇ ಟ್ರ್ಯಾಕ್ಟರಿನ ಟ್ರಾಲಿಗೆ ಏರಿಸಿದೆವು. ಅವಸರದಲ್ಲಿ ಬೀಗ ಹಾಕುವುದನ್ನು ಮರೆತಿದ್ದೆವು. ಗುಡಿಯ ಮುಂದಿನ ತಗ್ಗಿನಲ್ಲಿ ಟ್ರಾಲಿ ಎಗರಿತು, ಬಾಗಿಲು ತೆರೆಯಿತು, ಮಾರಾಟಕ್ಕಿಟ್ಟ ಸೀರೆಗಳು ಬಾವುಟದಂತೆ ಹಾರುತ್ತ ಕಟ್ಟೆಯ ಮೇಲೆ ಕೂತ ಹಿರಿಯರ ಮೇಲೆ ಬಿದ್ದವು. ಒಬ್ಬ ಅಜ್ಜ ಗುಲಾಬಿ ಸೀರೆಯನ್ನು ತಲೆಯಿಂದ ತೆಗೆಯುತ್ತ, ಇಷ್ಟು ವರ್ಷದಲ್ಲಿ ಪಕ್ಷದವರು ಏನಾದರೂ ಕೊಟ್ಟದ್ದು ಇದೇ ಮೊದಲು ಎಂದ. ನಾನು ಕೆಳಗಿಳಿದು ಒಂದೊಂದನ್ನೂ ವಾಪಸು ತೆಗೆದುಕೊಂಡೆ. ಚುನಾವಣೆಯ ಆಚಾರಸಂಹಿತೆ ಇತ್ತು, ಮೇಲಾಗಿ ಒಳ್ಳೆಯ ಮಾಲು. ಆ ಗುಲಾಬಿಯದು ಅಜ್ಜನ ಸೊಸೆಯ ಮನಸ್ಸಿಗೆ ಬಂತು, ಮರುದಿನ ಅಂಗಡಿಗೆ ಬಂದು ಕೊಂಡಳು.

ಅಷ್ಟರಲ್ಲಿ ಎದುರಾಳಿಗೂ ಒಂದು ತೊಡಕು ಬಂತು. ಅವರ ಕಡೆಯ ಹೆಂಗಸರೆಲ್ಲ ಕೈಯಲ್ಲಿ ಗಾಳಣಿ ಹಿಡಿದು ಮೆರವಣಿಗೆ ಹೊರಡಬೇಕು ಎಂದು ಎದುರಾಳಿಯ ಗಂಡ ಹುಕುಂ ಮಾಡಿದ್ದರು. ಹೆಂಗಸರು ಒಪ್ಪಲಿಲ್ಲ. ಮನೆಯಲ್ಲಿರುವುದು ವಾಣದ್ದು, ವಾಣವನ್ನು ಕೊಟ್ಟವಳ ವಿರುದ್ಧ ಎತ್ತಿ ಹಿಡಿಯುವುದು ಹೇಗೆ ಎಂದರು. ಹೊಸದು ಬೇಕಾಯಿತು. ಉಮರ್ಗಾದ ಅಂಗಡಿಗಳಲ್ಲಿ ಅಲ್ಲೊಂದು ಇಲ್ಲೊಂದು ಸಿಕ್ಕವೇ ಹೊರತು ರಾಶಿ ಸಿಗಲಿಲ್ಲ. ರಾಶಿ ಇದ್ದದ್ದು ನನ್ನ ಮಂಚದ ಕೆಳಗಿನ ಚೀಲದಲ್ಲಿ.

ಒಂದು ಮಧ್ಯಾಹ್ನ ಎದುರಾಳಿಯೇ ಅಂಗಡಿಗೆ ಬಂದರು. ದೊಡ್ಡ ಹೊಲದ ಮನೆತನದವರು, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಅವರ ತವರೂ ನಿಲಂಗಾ. ಅಂಗಡಿ ತುಂಬ ಹೆಂಗಸರಿದ್ದರು, ನಮ್ಮಾಕೆಯೂ ಮೂಲೆಯಲ್ಲಿ ಕೂತು ಕಪಾಟಿನ ಚಿತ್ರದ ಚೀಟಿ ಮಡಚುತ್ತಿದ್ದಳು. ಬಂದವರು ಸೀರೆ ನೋಡಿದಂತೆ ಮಾಡಿದರು. ಕೊಡ ಇಳಿಸಿ ಬೋಗುಣಿ ಬಡಿಯುವ ಆಟವನ್ನು ನನ್ನ ಮುಂದೆಯೇ ಆಡುತ್ತಿದ್ದಾರೆ ಎಂದು ಒಳಗೊಳಗೇ ಕುಣಿದೆ. ಕೊನೆಗೆ ಹೇಳಿದರು: “ತವರಿನಾಕಿ ಅಂತ ಕೇಳ್ತೀನಿ. ಆ ಚೀಲ ನನಗ ಕೊಡು. ಬೆಲಿ ನೀ ಹೇಳಿದ್ದೇ ಆಗಲಿ.”

ನಾನು ನಮ್ಮಾಕೆಯ ಮುಖ ನೋಡಿದೆ. ಚೀಲ ಕೊಟ್ಟರೆ ಅವರ ಮೆರವಣಿಗೆ ಹೊರಡುತ್ತದೆ. ವ್ಯಾಪಾರ ನನ್ನದು, ಸೋಲು ಆಕೆಯದು, ಹಾಗಾಗಿ ಮಾತೂ ಆಕೆಯದೇ ಆಗಬೇಕಿತ್ತು. ಆಕೆ ಚೀಟಿಗಳನ್ನು ಬದಿಗಿಟ್ಟಳು.

“ಕೊಡು ವೈನಿ. ಬೆಲಿ ಮಾತ್ರ ನಾ ಹೇಳ್ತೀನಿ. ಅಕ್ಕಾರ, ನೀವು ಗೆದ್ದರ ಸ್ಟ್ಯಾಂಡಿನ್ಯಾಗ ಹೆಣ್ಮಕ್ಕಳಿಗಿ ಸಂಡಾಸ ಕಟ್ಟಬೇಕು. ನಾ ಗೆದ್ರ ನಾ ಕಟ್ತೀನಿ. ಯಾರ ಗೆದ್ರೂ ನನ್ನ ಮಗಳು ನೀರು ಕುಡೀಬೇಕು.”

ನಾನು ಕುಂಕುಮದ ಕರಡಿಗೆ ತೆರೆದೆ. ನನ್ನ ಅಂಗಡಿಯಿಂದ ಯಾವ ಮುತ್ತೈದೆಯೂ ಕುಂಕುಮ ಹಚ್ಚಿಸಿಕೊಳ್ಳದೆ ಹೋಗುವುದಿಲ್ಲ. ಮಾತು ತೆಗೆದುಕೊಳ್ಳುವಾಗ ಒಬ್ಬರೇ ಇರುವಲ್ಲಿ ತೆಗೆದುಕೊಳ್ಳಬೇಡಿ, ಹಣೆಯ ಮೇಲೆ ನಿಮ್ಮ ಬೆರಳು ಇರುವಾಗ ತೆಗೆದುಕೊಳ್ಳಿ. ಕುಂಕುಮ ಹಚ್ಚುತ್ತ ಕೇಳಿದೆ, ಏನಕ್ಕಾ, ಪಕ್ಕಾ ತಾನೆ? ಅವರು ಸುತ್ತ ಕೂತ ಹೆಂಗಸರನ್ನೆಲ್ಲ ಒಮ್ಮೆ ನೋಡಿದರು. “ಹಳದಿ-ಕುಂಕುವಿನ ಆಣೆ, ಕಟ್ತೀನಿ,” ಎಂದರು.

ಚೀಲದ ಹಣವನ್ನೂ ಬಿಡಲಿಲ್ಲ ಎನ್ನುವುದನ್ನು ಇಲ್ಲಿ ಸೇರಿಸಬೇಕು. ಮಾತು ಬೇರೆ, ಮಾಲು ಬೇರೆ.

ಗಾಳಣಿ ಗೆದ್ದಿತು, ಕಪಾಟು ಸೋತಿತು. ಸಾಹೇಬರು ಕೆಲವು ದಿನ ನಮ್ಮನ್ನು ಜಮಖಾನೆಗೂ ಕರೆಯಲಿಲ್ಲ. ನಮ್ಮಾಕೆ ಒಂದು ಸಂಜೆ ಅತ್ತಳು, ಓಣಿಗೆಲ್ಲ ಕೇಳಿಸಿತು, ಮರುದಿನ ಎದ್ದು, ಗ್ರಾಮಸಭೆ ಯಾವಾಗ ಎಂದು ಕೇಳಿದಳು.

ಗ್ರಾಮಸಭೆಯಲ್ಲಿ ಸರಪಂಚರ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಹಾಕಿಸಿಕೊಂಡು ಅವರ ಗಂಡ ಕೂತಿದ್ದರು. ಸ್ಟ್ಯಾಂಡಿನ ಜಾಗದಲ್ಲಿ ಊರಿಗೊಂದು ಕಮಾನು ಕಟ್ಟೋಣ, ಶೋಭೆ ಬರುತ್ತದೆ, ಸಂಡಾಸ ಮುಂದೆ ನೋಡೋಣ ಎಂದರು. ನಾವು ಹೆಂಗಸರೆಲ್ಲ ಸೆರಗಿನೊಳಗಿಂದ ಗಾಳಣಿ ತೆಗೆದು ಚಮಚೆಯಿಂದ ಬಡಿದೆವು. ನಮ್ಮ ಕಡೆಯವರು ವಾಣದ್ದು ತಂದಿದ್ದರು, ಅವರ ಕಡೆಯವರು ಮೆರವಣಿಗೆಯದು; ಸದ್ದಿನಲ್ಲಿ ಯಾವುದು ಯಾರದೆಂದು ಯಾರು ಹೇಳಬೇಕು? ಕಿಟಕಿಯಲ್ಲಿ ಕೂತ ಪಾರಿವಾಳಗಳು ಹಾರಿಹೋದವು. ನಡಾವಳಿ ಬರೆಯಲು ಕೂತ ಗ್ರಾಮಸೇವಕರು ಕಿವಿ ಮುಚ್ಚಿಕೊಂಡರು. ನಾನು ಚಮಚೆ ಬದಲು ಸೌಟು ತಂದಿದ್ದೆ, ಅಂಥ ಸಂದರ್ಭಕ್ಕೆ ಸೌಟೇ ಮೇಲು.

ಸರಪಂಚರು ಎದ್ದು ನಿಂತರು. ಗಂಡನ ಕಡೆ ತಿರುಗದೆಯೇ ಹೇಳಿದರು: “ನಾ ಹಣಿ ಮ್ಯಾಲ ಕುಂಕುಮ ಹಚ್ಚಿಸಿಕೊಂಡು ಮಾತು ಕೊಟ್ಟೀನಿ. ಕಮಾನು ನೀವು ನಿಮ್ಮ ಹೊಲದಾಗ ಕಟ್ಟಿಕೋರಿ.”

ಆಮೇಲೆ ಎದ್ದ ಗದ್ದಲದಲ್ಲಿ ಗ್ರಾಮಸೇವಕರು ಏನು ಬರೆದುಕೊಂಡರೋ, ಆದರೆ ಸ್ಟ್ಯಾಂಡಿನಲ್ಲಿ ಇಟ್ಟಿಗೆ ಬಿದ್ದವು. ಬುನಾದಿಯ ದಿನ ತೆಂಗಿನಕಾಯಿ ಯಾರು ಒಡೆಯಬೇಕೆಂದು ಸರಪಂಚರೂ ನಮ್ಮಾಕೆಯೂ ಜಗಳ ತೆಗೆದರು. ನೀವು ಗೆದ್ದವರು ನೀವೇ ಒಡೆಯಿರಿ ಎಂದು ಒಬ್ಬಳು, ಬೆಲೆ ಹೇಳಿದವಳು ನೀನು ನೀನೇ ಒಡೆ ಎಂದು ಇನ್ನೊಬ್ಬರು. ಬಿಸಿಲಿನಲ್ಲಿ ನಿಂತು ಸಾಕಾಗಿ ನಾನೇ ಒಡೆದೆ.

ಈಗ ನಮ್ಮಾಕೆಯ ಮಗಳು ಬೆಳಿಗ್ಗೆ ಬಸ್ಸಿಗೆ ಹೋಗುವ ಮುಂಚೆ ನನ್ನ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸುತ್ತಾಳೆ, ಬಾಟಲಿಯ ಮುಚ್ಚಳ ತೆಗೆದು ಗಟಗಟ ನೀರು ಕುಡಿಯುತ್ತಾಳೆ. ಓಣಿಯ ಆ ತುದಿಯಿಂದ ತಾಯಿ, ಇನ್ನೂ ಸ್ವಲ್ಪ ಕುಡಿ ಎಂದು ಕೂಗುತ್ತಾಳೆ. ಹುಡುಗಿ ನಾಚಿ, ಬಾಯಲ್ಲಿ ನೀರು ತುಂಬಿಕೊಂಡೇ ನನ್ನ ಕಡೆ ನೋಡಿ ಕಣ್ಣು ಅರಳಿಸುತ್ತಾಳೆ, ನಗು ಬಂದು ಅರ್ಧ ನೀರು ನನ್ನ ಹೊಸ ಸೀರೆಗಳ ಮೇಲೆ ಸಿಡಿಯುತ್ತದೆ. ಒರೆಸಿ, ಮಡಚಿ, ಒಳಗಿಡುತ್ತೇನೆ.